ವಿಬೆಕೆ ಕೈಕಟ್ಟಿ ನಿಂತ ಬೆಳಗು

ಮೊಪೆಡ್ ಕೊಳ್ಳಬೇಕೆಂದು ಒಂದು ಬೇಸಿಗೆಯ ಮಟ್ಟಿಗೆ ಮಾಂಸದ ಕಾರ್ಖಾನೆಗೆ ಬಂದ ಮೀನುಗಾರರ ಮಗಳು ವಿಬೆಕೆ. ಮೊಪೆಡ್ ತುಕ್ಕು ಹಿಡಿದು ಹೋಯಿತು, ಅವಳು ಉಳಿದಳು. ಮದುವೆ, ಇಬ್ಬರು ಮಕ್ಕಳು, ಗಂಡನ ಸಾವು ಎಲ್ಲವೂ ಮಾಂಸ ಸಾಗಿಸುವ ಈ ಬೆಲ್ಟಿನ ಪಕ್ಕದಲ್ಲೇ ಆದವು. ಹಂದಿಯ ತೊಡೆಯಿಂದ ಮೂಳೆ ಬಿಡಿಸುವುದು ನಮ್ಮ ಕೆಲಸ. ಯಾರ ಮಾತನ್ನೂ ನಡುವೆ ಕತ್ತರಿಸದವಳೆಂದು ನಾವು ಕೆಲಸಗಾರರೇ ಅವಳನ್ನು ನಮ್ಮ ಪ್ರತಿನಿಧಿಯಾಗಿ ಆರಿಸಿದ್ದೆವು.

ಬೆಲ್ಟಿನಲ್ಲಿ ಅವಳ ಪಕ್ಕ ಎಸ್ಕಿಲ್, ಅವನ ಪಕ್ಕ ನಾನು. ಎಸ್ಕಿಲನ ಮಣಿಕಟ್ಟುಗಳು ಸೋತು ವರ್ಷಗಳಾಗಿದ್ದವು. ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಅವನಿಗೆ ಬರಬೇಕಾದ ಭಾರದ ತೊಡೆಗಳನ್ನು ವಿಬೆಕೆ ಮೊದಲೇ ತನ್ನ ಹಲಗೆಗೆ ಎಳೆದುಕೊಳ್ಳುವಳು. ಅವನು ಅರ್ಧ ಬಿಟ್ಟದ್ದನ್ನು ನಾನು ಮುಗಿಸುವೆ. ಲಿಮ್‌ಫ್ಯೋರ್ಡ್ ಕೊಲ್ಲಿಯ ಈ ದಂಡೆಯಲ್ಲಿ ಇನ್ನೊಬ್ಬರ ನೋವಿನ ಬಗ್ಗೆ ಮಾತೆತ್ತುವುದೆಂದರೆ ಕೆಸರು ಬೂಟಿನಲ್ಲಿ ಅವರ ಮನೆಯೊಳಗೆ ನುಗ್ಗಿದಂತೆ.

ತೊಡೆಗಳನ್ನು ಎತ್ತಿಕೊಡುವ ಯಂತ್ರ ತರುವ ಮಾತು ಬಂತು. ಅದನ್ನು ಯಾವ ಕಂಪನಿಯಿಂದ ತರಿಸುವುದೆಂದು ನಿರ್ಧರಿಸಲು ನಿರ್ದೇಶಕ ಮೋನ್ಸ್‌ನ ಜೊತೆ ವಿಬೆಕೆಯೂ ಕೂತಳು. ಕೊನೆಗೆ ಎರಡು ಕಂಪನಿ ಉಳಿದವು. ಎರಡೂ ಬೆಲ್ಟಿನ ಮೇಲೆ ಕ್ಯಾಮೆರಾ ತೂಗುಹಾಕಿ ಯಾರ ಜಾಗದಲ್ಲಿ ಎಷ್ಟು ಹೊರೆ ಎಂದು ಅಳೆದುಕೊಂಡು ಹೋದವು.

ಎರಡೂ ಕಂಪನಿಗಳ ಯೋಜನೆಯಲ್ಲಿ ಒಂದೇ ಮಾತು. ಎಸ್ಕಿಲನ ಜಾಗ ಎಲ್ಲಕ್ಕಿಂತ ಹಗುರ, ಅಲ್ಲಿ ಯಂತ್ರ ಬೇಡ. ಬೇಕಾದರೆ ಭಾರದ ತೊಡೆಗಳನ್ನೆಲ್ಲ ಅಲ್ಲಿಗೇ ಕಳಿಸಬಹುದು. ವಿಬೆಕೆಯನ್ನೂ ನನ್ನನ್ನೂ ಬೇರೆ ಕೋಣೆಗೆ ಹಾಕಬಹುದು.

ಊಟದ ಕೋಣೆಗೆ ಬಂದ ವಿಬೆಕೆ ರೈ ಬ್ರೆಡ್ಡಿನ ಪೊಟ್ಟಣ ಬಿಚ್ಚಲೇ ಇಲ್ಲ.

"ಅವನನ್ನ ಕಾಪಾಡ್ತೀವಿ ಅಂತ ನಾವೇ ಅವನ ಕತ್ತು ಕೊಯ್ದ್ವಿ," ಎಂದಳು.

ಸಂಜೆ ಸೈಕಲ್ ನಿಲ್ಲಿಸುವಲ್ಲಿ ಎಸ್ಕಿಲ್ ಹೆಲ್ಮೆಟ್ಟಿನ ಪಟ್ಟಿಯೊಡನೆ ಹೆಣಗುತ್ತಿದ್ದ. ಅವಳು ಎದುರು ಹೋಗಿ ನಿಂತಳು.

"ನಿನ್ನ ಕೈ ವಿಷ್ಯ ಮೋನ್ಸ್‌ಗೆ ಹೇಳ್ಬೇಕು ಕಣೋ."

"ಯಾವ ಕೈ?"

"ಎರಡೂ."

ಅವನು ಪಟ್ಟಿಯನ್ನು ಕೈಬಿಟ್ಟ. "ನಿಂಗೆ ಗೊತ್ತಿತ್ತಾ?"

"ಮತ್ತೆ? ದಪ್ಪ ತೊಡೆಗಳೆಲ್ಲ ನನ್ನ ಚಂದ ನೋಡಿ ನನ್ನ ಹತ್ರ ಬರ್ತಿದ್ವಾ?"

"ನಿಂಗೆ ದುರಾಸೆ ಅಂದ್ಕೊಂಡಿದ್ದೆ, ಮಾರಾಯ್ತಿ."

ಇಬ್ಬರೂ ನಕ್ಕರು. ಆಮೇಲೆ ಅವನ ದನಿ ಇಳಿಯಿತು. "ಹೇಳಿದ್ರೆ ಮನೆಗೆ ಕಳಿಸ್ತಾರೆ, ವಿಬೆಕೆ. ಮನೇಲಿ ಏನ್ ಮಾಡ್ಲಿ ನಾನು?"

"ಹೇಳ್ದಿದ್ರೆ ಆ ಕೈಲಿ ಕಾಫಿ ಲೋಟಾನೂ ಎತ್ತಕ್ಕಾಗಲ್ಲ."

ಅವನು ಮಗುವಿನ ಹಾಗೆ ಗದ್ದ ಎತ್ತಿದ. ಅವಳು ಪಟ್ಟಿ ಬಿಗಿದಳು. "ಸರಿ," ಎಂದ. "ಆದ್ರೆ ನೀನು ಹೇಳ್ಬೇಡ. ನಾನೇ ತೋರಿಸ್ತೀನಿ."

ಮತ್ತೆ ಅಳೆಯಬೇಕೆಂದು ವಿಬೆಕೆ ಎರಡೂ ಕಂಪನಿಗೆ ಹೇಳಿದಳು. ಮೊದಲನೆಯವರು ಮೊದಲು ಸಹಿ ಆಗಲಿ, ತಿದ್ದುವುದು ಆಮೇಲೆ ನೋಡೋಣ ಎಂದರು. ಎರಡನೆಯ ಕಂಪನಿಯ ಎಂಜಿನಿಯರ್ ಸಿಸ್ಸೆಲ್ ಒಂದು ಬೆಳಿಗ್ಗೆ ತಾನೇ ಕ್ಯಾಮೆರಾ ಹೊತ್ತುಕೊಂಡು ಬಂದಳು. ನೋಡಲೆಂದು ಮೋನ್ಸ್ ಕೂಡ ಬಂದು ನಿಂತ.

ಆ ಬೆಳಗು ನಾವು ಯಾರೂ ಎಸ್ಕಿಲನ ಪಾಲನ್ನು ಮುಟ್ಟುವಂತಿರಲಿಲ್ಲ. ಭಾರದ ತೊಡೆ ಹಾದುಹೋದಾಗಲೆಲ್ಲ ವಿಬೆಕೆಯ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಕೊನೆಗೆ ಚಾಕು ಕೆಳಗಿಟ್ಟು, ಕೈಕಟ್ಟಿ ನಿಂತುಬಿಟ್ಟಳು. ಎಸ್ಕಿಲನ ಮುಂದೆ ರಾಶಿ ಬೆಳೆಯಿತು. ಅವನು ಎರಡೂ ಕೈಯಿಂದ ಒಂದನ್ನು ಎತ್ತಿದ. ಅದು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಲು ಹೋದ, ಆಗಲಿಲ್ಲ. ನನಗೆ ನೋಡಲಾಗದೆ ನನ್ನ ಬೂಟು ನೋಡಿಕೊಂಡೆ. ವಿಬೆಕೆ ಮಾತ್ರ ಕಣ್ಣು ಕದಲಿಸದೆ ಅವನನ್ನೇ ನೋಡುತ್ತಿದ್ದಳು. ಅವನನ್ನು ಆ ನಾಚಿಕೆಯಲ್ಲಿ ಒಂಟಿಯಾಗಿ ಬಿಡಬಾರದೆಂಬಂತೆ.

ಸಿಸ್ಸೆಲ್ ಬೆಲ್ಟು ನಿಲ್ಲಿಸಿದಳು. "ಹೋದ ಸಲ ಇದನ್ನೆಲ್ಲ ಯಾರು ಎತ್ತಿದ್ದು?"

ವಿಬೆಕೆ ಕೈ ಎತ್ತಿದಳು. ನಾನೂ ಎತ್ತಿದೆ. ಬೆಲ್ಟಿನ ಆಚೆ ಬದಿಯವರೂ ಒಬ್ಬೊಬ್ಬರಾಗಿ ಎತ್ತಿದರು.

"ನನ್ನ ಯೋಜನೆ ಪೂರಾ ತಪ್ಪು ಹಾಗಾದ್ರೆ," ಎಂದಳು ಸಿಸ್ಸೆಲ್. "ಯಂತ್ರ ಇಲ್ಲಿಗೇ ಬರ್ಬೇಕು. ಎತ್ತೋದು ಅದು. ಅದನ್ನ ನಡೆಸೋಕೆ ಮಾಂಸ ಗೊತ್ತಿರೋರು ಒಬ್ಬರು ಬೇಕು."

ಮೋನ್ಸ್ ತಲೆ ಕೆರೆದುಕೊಂಡ. "ಆ ಇನ್ನೊಂದು ಕಂಪನಿಯವ್ರು ಬೇಗ ಕೊಡ್ತೀವಿ ಅಂದಿದ್ರು, ವಿಬೆಕೆ."

"ಬೇಗ ಕೊಡ್ತಾರೆ, ತಪ್ಪು ಜಾಗಕ್ಕೆ. ನನ್ನ ಮತ ಇವರಿಗೆ. ಯಂತ್ರದ ಹತ್ರ ಎಸ್ಕಿಲ್ ನಿಲ್ಲೋದಾದ್ರೆ ಮಾತ್ರ."

ಮೋನ್ಸ್ ನೆಲದಲ್ಲಿ ಬಿದ್ದಿದ್ದ ತೊಡೆಯನ್ನು ನೋಡಿದ, ಎಸ್ಕಿಲನನ್ನು ನೋಡಿದ. "ನಿಂಗೆ ಆಗತ್ತಾ?"

"ಕಲಿಸಿದ್ರೆ ಆಗತ್ತೆ. ನಾನೇನು ದಡ್ಡನಲ್ಲ."

"ಇಲ್ಲೇ ನಿಂತು ಕಲಿಸ್ತೀನಿ," ಎಂದಳು ಸಿಸ್ಸೆಲ್. ಅದನ್ನು ಒಪ್ಪಂದದಲ್ಲಿ ಬರೆಸಬೇಕೆಂದಳು ವಿಬೆಕೆ. ಮೋನ್ಸ್ ಹೂಂಗುಟ್ಟಿದ.

ವಿಬೆಕೆ ಚಾಕು ತೊಳೆಯುವ ತೊಟ್ಟಿಯ ಕಡೆ ತಿರುಗಿ ನಲ್ಲಿ ಬಿಟ್ಟಳು. ಚಾಕು ಶುಭ್ರವಾಗಿಯೇ ಇತ್ತು. ನಾವೆಲ್ಲ ನಮ್ಮ ರೂಢಿಯಂತೆ ಮುಖ ಬೇರೆಡೆ ತಿರುಗಿಸಿದೆವು.

ಎಸ್ಕಿಲ್ ತಿರುಗಿಸಲಿಲ್ಲ. ಎಲ್ಲರಿಗೂ ಕೇಳುವಂತೆ, "ಅಳ್ತಿದ್ದೀಯೇನೇ, ವಿಬೆಕೆ?" ಎಂದ.

"ಹೂಂ," ಎಂದಳು ಅವಳು. "ಅಳ್ತಿದ್ದೀನಿ."