ಪಟ್ಟಿಗೆ ಸಿಗದ ಚಂದ್ರ

ನನಗೊಂದು ದುರಭ್ಯಾಸವಿದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಪಟ್ಟಿ. ಒಂದು ಬಿಳಿ ಹಾಳೆ, ರೂಲುದೊಣ್ಣೆ, ಕೆಂಪು ಮಸಿ ಕೈಗೆ ಸಿಕ್ಕವೆಂದರೆ ಊಟದ ನೆನಪೂ ಆಗುವುದಿಲ್ಲ. ಶಿವಮೊಗ್ಗೆಯಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟ್ರಾಗಿದ್ದಾಗ ಶಾಲೆಯ ವೇಳಾಪಟ್ಟಿ ನನ್ನದೇ. ಅಷ್ಟಕ್ಕೆ ತೃಪ್ತಿಯಾಗದೆ ಸೌದೆ ಒಡೆಸುವ ದಿನ, ಎಣ್ಣೆಸ್ನಾನದ ದಿನ, ಉಪ್ಪಿನಕಾಯಿ ಹಾಕುವ ದಿನಗಳನ್ನೆಲ್ಲ ಗೆರೆ ಎಳೆದು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ನನ್ನ ಹೆಂಡತಿ ಸಾವಿತ್ರಿ ಅದನ್ನು ಎರಡು ವಾರ ಸಹಿಸಿಕೊಂಡು, ಮೂರನೆಯ ವಾರ ಕಿತ್ತು ಅದರ ಮೇಲೆ ಸಂಡಿಗೆ ಇಟ್ಟು ಒಣಗಿಸಿದಳು.

ಇಂಥವನನ್ನು ಊರಿನ ಫುಟ್‌ಬಾಲ್ ಸಂಘದವರು ಕಾರ್ಯದರ್ಶಿ ಮಾಡಿದರು. ನನಗೆ ಆಟ ಬರುತ್ತಿರಲಿಲ್ಲ. ಒಮ್ಮೆ ಚೆಂಡನ್ನು ಒದೆಯಲು ಹೋಗಿ ನನ್ನ ಪಾದರಕ್ಷೆಯೇ ಗೋಲಿನೊಳಗೆ ಹೋದದ್ದನ್ನು ಜನ ಬಹಳ ದಿನ ನೆನೆದು ನಕ್ಕರು. ಆದರೆ ಪಟ್ಟಿ ಬರುತ್ತಿತ್ತಲ್ಲ! ಪ್ರತಿ ಯುಗಾದಿಗೆ ಇಡೀ ವರ್ಷದ ಹಬ್ಬಗಳನ್ನು ಕೆಂಪಿನಲ್ಲಿ, ಪಂದ್ಯಗಳನ್ನು ಕಪ್ಪಿನಲ್ಲಿ ಒಂದೇ ಹಾಳೆಗೆ ಇಳಿಸುವುದು ನನ್ನ ಕೆಲಸ. ಅದರಲ್ಲಿ ಮುಖ್ಯವಾದದ್ದು ಒಂದೇ: ಶಿವಮೊಗ್ಗೆಗೂ ಭದ್ರಾವತಿಗೂ ನಡೆಯುವ ವರ್ಷದ ಪಂದ್ಯ. ಭದ್ರಾವತಿಯ ಕಾರ್ಖಾನೆಯವರಿಗೆ ಶನಿವಾರ ಮಧ್ಯಾಹ್ನದ ಮೇಲೆ ಬಿಡುವು. ಹಾಗಾಗಿ ನಾನು ಹುಡುಕಬೇಕಾದದ್ದು ಒಂದು ಖಾಲಿ ಶನಿವಾರ.

ಒಂದೇ ಒಂದು ಶನಿವಾರ ಸಿಗುವುದಿಲ್ಲವೇ ಎನ್ನುತ್ತೀರಿ. ಹುಡುಕಿ ನೋಡಿ! ಯುಗಾದಿಯ ಹಿಂದುಮುಂದು ನಮ್ಮ ಹನ್ನೊಂದು ಜನರಲ್ಲಿ ಎಂಟು ಜನ ಇಸ್ಪೀಟಿಗೆ ಕೂತಿರುತ್ತಾರೆ. ರಾಮನವಮಿಯ ಪಾನಕ ಕೋಸಂಬರಿ ಹೊಟ್ಟೆಗೆ ಬಿದ್ದವನು ಓಡಲಾರ. ವೈಶಾಖವೆಂದರೆ ಮದುವೆ, ಒಬ್ಬ ಮದುವಣಿಗ, ಇನ್ನೊಬ್ಬ ಹೆಣ್ಣಿನ ಅಣ್ಣ, ಮೂರನೆಯವನು ಇಬ್ಬರ ಮನೆಗೂ ಬೇಕಾದವನು. ಆಷಾಢದಲ್ಲಿ ತುಂಗೆ ತುಂಬಿ ಬಂದಳೆಂದರೆ ಊರಿಗೆ ಊರೇ ಸೇತುವೆಯ ಮೇಲೆ. ಯಾವ ಪಂಚಾಂಗದಲ್ಲೂ ಇಲ್ಲದ ಹಬ್ಬವದು, ಆದರೆ ಆ ದಿನ ಮೈದಾನದಲ್ಲಿ ನಾನು ಮತ್ತು ಚೆಂಡು ಇಬ್ಬರೇ. ಶ್ರಾವಣದಲ್ಲಿ ಶನಿವಾರಕ್ಕೊಂದು ವ್ರತ. ನವರಾತ್ರಿಗೆ ಬೊಂಬೆ, ದೀಪಾವಳಿಗೆ ಎಣ್ಣೆನೀರು. ಕ್ರಿಸ್‌ಮಸ್ಸಿನ ವಾರ ಕಾರ್ಖಾನೆಯ ದೊಡ್ಡವರಿಗೆ ಬಿಳಿ ಪ್ಯಾಂಟಿನ ಕ್ರಿಕೆಟ್, ಮೈದಾನವೇ ಸಿಗದು. ಸಂಕ್ರಾಂತಿಯ ಆಚೆಗೆ ಕುಸ್ತಿ. ಇನ್ನು ಮೊಹರಂ ಬಂತೆಂದರೆ ನಮ್ಮ ಲೆಫ್ಟ್ ಬ್ಯಾಕ್ ಪುಟ್ಟಪ್ಪ ಹುಲಿವೇಷ ಹಾಕಿಬಿಡುತ್ತಿದ್ದ. ಅವನ ಮೈಬಣ್ಣ ಹದಿನೈದು ದಿನ ಹೋಗುತ್ತಿರಲಿಲ್ಲ. ಅರ್ಧ ಹುಲಿ ಅರ್ಧ ಮನುಷ್ಯ ಎದುರಿಗೆ ಬಂದರೆ ಆಡುವುದು ಹೇಗೆ ಎಂದು ಭದ್ರಾವತಿಯವರು ಒಮ್ಮೆ ತಕರಾರು ತೆಗೆದಿದ್ದರು.

ಮಹಾಯುದ್ಧ ಮುಗಿದ ವರ್ಷ ನನಗೆ ಭಾದ್ರಪದದಲ್ಲಿ ಒಂದು ಶನಿವಾರ ಸಿಕ್ಕಿತು. ಗುರುವಾರ ಅಮಾವಾಸ್ಯೆ. ಅಮಾವಾಸ್ಯೆಗೆ ರಂಜಾನ್ ತಿಂಗಳೂ ಮುಗಿಯಿತು, ಶುಕ್ರವಾರ ಮುಸಲ್ಮಾನರ ಹಬ್ಬ. ಭಾನುವಾರ ಗೌರಿ, ಸೋಮವಾರ ಗಣೇಶ. ನಡುವೆ ಶನಿವಾರ ಆರಾಮವಾಗಿ ಕಾಲು ಚಾಚಿಕೊಂಡು ಕೂತಿದೆ! ಕಪ್ಪು ಮಸಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಆ ಸಂತೋಷಕ್ಕೆ ಸಾವಿತ್ರಿಯನ್ನು ಕರೆದು ತೋರಿಸಿದೆ. ಅವಳು, “ಸರಿ, ಶನಿವಾರ ಬಾಗಿನಕ್ಕೆ ಬಳೆ ತರೋರು ಯಾರು?” ಎಂದಳು.

ಇಲ್ಲಿ ನನ್ನ ಅಜ್ಞಾನ ಎಂಥದೆಂದು ಹೇಳಬೇಕು. ನಮ್ಮ ಹಬ್ಬಗಳು ಲೆಕ್ಕದವು. ಜೋಯಿಸರು ವರ್ಷದ ಮೊದಲೇ ಗುಣಿಸಿ ಭಾಗಿಸಿ ಅಚ್ಚು ಹಾಕಿಸಿರುತ್ತಾರೆ. ಆಕಾಶದಲ್ಲಿ ಏನಿದೆಯೆಂದು ಒಬ್ಬರೂ ತಲೆ ಎತ್ತಿ ನೋಡದಿದ್ದರೂ ಹಬ್ಬ ಬಂದೇ ಬರುತ್ತದೆ. ರಂಜಾನ್ ಹಾಗಲ್ಲ. ಎಳೆಯ ಚಂದ್ರನನ್ನು ಯಾರಾದರೂ ಕಣ್ಣಾರೆ ಕಾಣಬೇಕು. ಮೋಡ ಕವಿದು ಕಾಣದೆ ಹೋದರೆ ಮೂವತ್ತು ಉಪವಾಸ ಪೂರ್ತಿ ಮಾಡಬೇಕು. ಅಮಾವಾಸ್ಯೆಯ ಸಂಜೆ ಚಂದ್ರ ಕಾಣುವುದೂ ಇಲ್ಲ. ಇಷ್ಟು ವರ್ಷ ಅದೇ ಊರಿನಲ್ಲಿದ್ದು, ಅವರ ಜೊತೆಗೇ ಆಡಿ ಬೆಳೆದು, ಇದು ನನಗೆ ತಿಳಿದಿರಲಿಲ್ಲ. ಅವರ ಚಂದ್ರನನ್ನು ನಮ್ಮ ಪಂಚಾಂಗದೊಳಗೆ ಕೂಡಿಹಾಕಿ ಬೀಗ ಹಾಕಿಬಿಟ್ಟಿದ್ದೆ.

ಬೀಗ ತೆಗೆದವನು ಖಾದರ್. ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ದರ್ಜಿ, ನಮ್ಮ ತಂಡದ ಗೋಲಿ, ಅಂದರೆ ಗೋಲು ಕಾಯುವವನು. ಅವನು ನಿಂತರೆ ಗೋಲಿಗೆ ಬಾಗಿಲು ಹಾಕಿದಂತೆ. ಶುಕ್ರವಾರ ಸಂಜೆ ಹಬ್ಬದ ಶುಭಾಶಯ ಹೇಳೋಣವೆಂದು ಹೋದರೆ ಅವನು ಮಿಷನ್ ತುಳಿಯುತ್ತ ಕೂತಿದ್ದಾನೆ, ತುಟಿ ಒಣಗಿದೆ, ಸುತ್ತ ಗೌರಿಯ ರವಿಕೆ, ರಂಜಾನಿನ ಜುಬ್ಬ ಎಲ್ಲ ಒಟ್ಟಿಗೆ ಗುಡ್ಡೆ ಬಿದ್ದಿವೆ.

“ಏನಯ್ಯಾ ಖಾದರ್, ಹಬ್ಬದ ದಿನವೂ ಕೆಲಸವೇ?” ಎಂದೆ.

“ಎಲ್ಲಿ ಹಬ್ಬ ಮೇಷ್ಟ್ರೇ? ಚಂದ್ರ ಕಂಡ್ರೆ ತಾನೇ! ನಮ್ಮ ಹಿರಿಯರೆಲ್ಲ ರಾಗಿಗುಡ್ಡ ಹತ್ತಿ ನೋಡ್ತಾ ಇದಾರೆ. ಈ ಮೋಡಕ್ಕೆ ಏನು ಕಾಣುತ್ತೆ? ನಾಳೆನೂ ರೋಜಾ, ಉಪವಾಸಾನೇ.”

“ನಾಳೆ ಮ್ಯಾಚು ಕಣಯ್ಯಾ!”

“ಗೊತ್ತು. ನೀವು ಡೇಟು ಹಾಕಿದೀರಲ್ಲ, ಬರ್ತೀನಿ,” ಎಂದು ದಾರ ಕಚ್ಚಿ ಕತ್ತರಿಸಿದ.

ಅವನು ಬರಲೇಬೇಕಾಗಿತ್ತು. ಭದ್ರಾವತಿಯಲ್ಲಿ ಅವನಿಗೊಂದು ಹೆಣ್ಣು ಗೊತ್ತಾಗಿತ್ತು. ಬಟ್ಟೆಗೆ ಕಂಟ್ರೋಲ್ ಬಂದು ದರ್ಜಿಗಳಿಗೆ ಹಬ್ಬದ ವಾರ ಬಿಟ್ಟರೆ ಕೆಲಸವಿಲ್ಲದ ಕಾಲವದು. ಕಾರ್ಖಾನೆಯ ಕೂಗಿಗೆ ಎದ್ದು ಕೆಲಸಕ್ಕೆ ಹೋಗುವ ಅಳಿಯನೇ ಬೇಕೆಂದು ಹೆಣ್ಣಿನ ತಂದೆ ಹಟ ಹಿಡಿದಿದ್ದರು. ಚೆನ್ನಾಗಿ ಆಡುವವರನ್ನು ಕಾರ್ಖಾನೆಗೆ ಸೇರಿಸಿಕೊಳ್ಳುವ ಫೋರ್‌ಮನ್ ಒಬ್ಬರಿದ್ದರು. ಖಾದರ್‌ನನ್ನು ನೋಡಲೆಂದೇ ಅವರು ಈ ಪಂದ್ಯಕ್ಕೆ ಬರುವವರಿದ್ದರು. ಚೆನ್ನಾಗಿ ಆಡಿದರೆ ಕೆಲಸ, ಕೆಲಸ ಸಿಕ್ಕರೆ ಮದುವೆ. ಅಂಥ ಪಂದ್ಯವನ್ನು ನಾನು ಅವನ ಮೂವತ್ತನೆಯ ಉಪವಾಸದ ದಿನ ತಂದು ನಿಲ್ಲಿಸಿದ್ದೆ.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿಗೆ ಹೋಗಿ ಗಾರ್ಡ್ ಕೈಯಲ್ಲಿ ಒಂದು ಚೀಟಿ ಕೊಟ್ಟರೆ ಅದು ಭದ್ರಾವತಿಯ ಕ್ಯಾಪ್ಟನ್ ಮುನಿಸಾಮಿಗೆ ತಲುಪುತ್ತಿತ್ತು. ಹಾಗೆ ಎಷ್ಟೋ ಸಲ ಪಂದ್ಯ ಮುಂದಕ್ಕೆ ಹಾಕಿದ್ದೆವು. ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಹೊರಟೆ. ಅರ್ಧ ದಾರಿಗೆ ಹೋದಾಗ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಮಾತು ಹುಟ್ಟಿತು: ಗಂಟಲೊಣಗಿದ ಖಾದರ್ ನಾಳೆ ಅಷ್ಟೇನೂ ಚೆನ್ನಾಗಿ ಆಡಲಾರ, ಫೋರ್‌ಮನ್ ಕಣ್ಣಿಗೆ ಬೀಳಲಾರ, ನಮ್ಮ ಗೋಲಿ ನಮ್ಮಲ್ಲೇ ಉಳಿಯುತ್ತಾನೆ. ರೈಲು ಕೂಗಿತು. ನಾನು ತಿರುಗಿ ಮನೆಗೆ ಬಂದೆ. ಮೇಷ್ಟ್ರ ಕೆಲಸ ಮಾಡುವವನು ಇಂಥದನ್ನು ಬರೆಯಬಾರದು, ಆದರೂ ಬರೆಯುತ್ತಿದ್ದೇನೆ.

ಶನಿವಾರ ಭದ್ರಾವತಿಯವರು ಪೆಟ್ರೋಲ್ ಸಿಗದ ಆ ಕಾಲಕ್ಕೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಲಾರಿಯಲ್ಲಿ ಬಂದಿಳಿದರು. ಮುನಿಸಾಮಿ ಕಾರ್ಖಾನೆಯಲ್ಲಿ ಎರಕ ಹೊಯ್ಯುವವನು. ಆಳು ಕಬ್ಬಿಣದಂತಿದ್ದ, ಮಾತು ಮಾತ್ರ ಬಹಳ ಮೆದು. ಖಾದರ್‌ನ ಮುಖ ನೋಡಿದವನೇ ನನ್ನ ಹತ್ತಿರ ಬಂದು, “ಏನ್ ಸಾರ್, ತಂಬಿ ರೋಜಾದಲ್ಲಿದಾನಲ್ಲ, ಒಂದು ಚೀಟಿ ಕಳಿಸಬಾರದಾ?” ಎಂದ. ಜೇಬಿನಲ್ಲಿ ಚೀಟಿ ಇನ್ನೂ ಇತ್ತು. ನಾನು ಕೆಮ್ಮಿದೆ. ಅವನೇ ಮುಂದುವರಿದು, “ನಾಲ್ಕಕ್ಕೆ ಬೇಡ, ಐದಕ್ಕೆ ಶುರು ಮಾಡೋಣ. ಮಸೀದಿ ಬಾಂಗು ಕೇಳಿದ ಕೂಡಲೇ ಆಟ ಮುಗೀತು ಅಂತ ಇಟ್ಕೊಳ್ಳೋಣ. ನೀರು ಕುಡಿಯೋಕೆ ತಡ ಆಗಲ್ಲ,” ಎಂದ. ರೆಫ್ರಿಯಾಗಿದ್ದ ಪೋಸ್ಟ್ ಮಾಸ್ತರರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು.

ನನ್ನ ಸಣ್ಣ ಬುದ್ಧಿಯ ಲೆಕ್ಕವೂ ಪಟ್ಟಿಯ ಹಾಗೆಯೇ ತಪ್ಪಾಯಿತು. ಖಾದರ್ ಆ ದಿನ ಆಡಿದಂತೆ ಎಂದೂ ಆಡಿರಲಿಲ್ಲ. ಕೆಸರಿನಲ್ಲಿ ಬಿದ್ದ, ಎದ್ದ, ಹಾರಿದ. ಮುನಿಸಾಮಿ ಗುರಿಯಿಟ್ಟು ಒದ್ದದ್ದನ್ನೆಲ್ಲ ಹಿಡಿದ. ಫೋರ್‌ಮನ್ ಕುರ್ಚಿ ಬಿಟ್ಟು ಎದ್ದು ನಿಂತರು. ಎರಡೂ ಕಡೆ ಗೋಲಿಲ್ಲದೆ ಹೊತ್ತು ಇಳಿಯಿತು. ಇನ್ನೇನು ಮುಗಿಯಿತು ಎನ್ನುವಾಗ ನಮ್ಮ ಹುಲಿ ಪುಟ್ಟಪ್ಪ ಗೋಲಿನ ಮುಂದೆ ಚೆಂಡನ್ನು ಕೈಯಲ್ಲಿ ತಡೆದುಬಿಟ್ಟ. ಪೆನಾಲ್ಟಿ! ಮುನಿಸಾಮಿ ಚೆಂಡನ್ನು ಇಟ್ಟು ಹಿಂದೆ ಸರಿದ. ಅಷ್ಟರಲ್ಲಿ ಬಾಂಗು ಕೇಳಿಸಿತು.

“ಟೈಮಾಯ್ತು! ಆಟ ಮುಗೀತು!” ಎಂದು ನಮ್ಮವರು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಪೋಸ್ಟ್ ಮಾಸ್ತರರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಎರಡೂ ಕಡೆ ನೋಡಿದರು.

“ಇಲ್ಲ ಸ್ವಾಮಿ, ತಪ್ಪು ಬಾಂಗಿಗೆ ಮುಂಚೆ ಆಗಿದೆ. ಪೆನಾಲ್ಟಿ ಆಗ್ಲಿ,” ಎಂದವನು ಖಾದರ್.

ಮುನಿಸಾಮಿ ಬಂದು ಚೆಂಡನ್ನು ಕಂಕುಳಲ್ಲಿ ಎತ್ತಿಕೊಂಡ. “ಮೊದ್ಲು ನೀರು ಕುಡಿ ತಂಬಿ. ಒಣಗಿದ ಗಂಟಲಿಗೆ ನಾನು ಗೋಲು ಹೊಡೆಯಲ್ಲ.”

ಖಾದರ್ ಜೇಬಿನಿಂದ ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡ. ಸಾವಿತ್ರಿ ಆಟಗಾರರಿಗೆಂದು ಕೊಟ್ಟಿದ್ದ ಚೊಂಬಿನ ನೀರನ್ನು ಕುಡಿದ. ಇಡೀ ಮೈದಾನ ಒಬ್ಬ ಮನುಷ್ಯ ನೀರು ಕುಡಿಯುವುದನ್ನು ನೋಡುತ್ತ ನಿಂತಿತ್ತು. ನನಗೆ ಅಲ್ಲೇ ಭೂಮಿಗೆ ಇಳಿದುಹೋಗೋಣ ಅನ್ನಿಸಿತು. ಎದುರು ಪಕ್ಷದವನಿಗೆ ಇದ್ದ ಕರುಳು ನನಗೆ ಇರಲಿಲ್ಲವಲ್ಲ!

ಖಾದರ್ ಪಡುವಣಕ್ಕೆ ಮುಖ ಮಾಡಿ ಗೋಲಿನಲ್ಲಿ ನಿಂತ. ಮುನಿಸಾಮಿ ಓಡಿ ಬಂದ. ಆಗ ಗೋಲಿನ ಹಿಂದಿನಿಂದ ಯಾರೋ “ಚಾಂದ್! ಅಗೋ ಚಾಂದ್!” ಎಂದು ಕೂಗಿದರು. ಮೋಡ ಒಡೆದು, ಮುನಿಸಾಮಿಯ ತಲೆಯ ಮೇಲಕ್ಕೆ ಸರಿಯಾಗಿ ಉಗುರಿನಷ್ಟು ಚಂದ್ರ. ಖಾದರ್‌ನ ಕಣ್ಣು ಮೇಲೆ ಹೋಯಿತು, ಎರಡೂ ಕೈ ದುವಾ ಬೇಡಲು ಎದ್ದವು, ಚೆಂಡು ಅವನ ಕಾಲ ಪಕ್ಕದಲ್ಲೇ ಒಳಗೆ ಹೋಯಿತು. ಗೋಲು ಎಂದು ಯಾರೂ ಕೂಗಲಿಲ್ಲ. ಹೊಡೆದವನೂ ಸೇರಿ ಎಲ್ಲರೂ ತಿರುಗಿ ಆಕಾಶ ನೋಡುತ್ತಿದ್ದರು.

ಸೋತವರು ಗೆದ್ದವರ ಲಾರಿಯಲ್ಲಿ ಭದ್ರಾವತಿ ದಾರಿಯ ಮಲವಗೊಪ್ಪದವರೆಗೆ ಹೋಗಿ, ಅವರನ್ನು ಬೀಳ್ಕೊಟ್ಟು ನಡೆದು ವಾಪಸು ಬರಬೇಕೆಂಬುದು ನಮ್ಮ ಎರಡೂ ಊರುಗಳ ನಡುವಿನ ಹಳೆಯ ಪದ್ಧತಿ. ಹೊಲಿಗೆ ಬಾಕಿಯಿದ್ದ ಖಾದರ್‌ಗೆ ಮಾಫಿ ಕೊಟ್ಟು ಉಳಿದವರು ಲಾರಿ ಹತ್ತಿದೆವು. ನಾನು ಫೋರ್‌ಮನ್ ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ: ಪಟ್ಟಿಯ ತಪ್ಪು, ಜೇಬಿನ ಚೀಟಿ, ನನ್ನ ಸ್ವಾರ್ಥ. “ಆ ಗೋಲಿಗೆ ಅವನು ಹೊಣೆಯಲ್ಲ ಸ್ವಾಮಿ, ನಾನು,” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸೋಲೋದು ತಪ್ಪುತ್ತಿದ್ದಾಗಲೂ ಪೆನಾಲ್ಟಿ ಆಗ್ಲಿ ಅಂದನಲ್ಲ ಮೇಷ್ಟ್ರೇ, ಅವಾಗಲೇ ಆಯ್ತು. ಬುಧವಾರ ಗೇಟಿಗೆ ಕಳಿಸಿ,” ಎಂದರು.

ಮಲವಗೊಪ್ಪದಿಂದ ನಡೆದು ಬರುವಾಗ ಅರ್ಧ ದಾರಿ ಸಂತೋಷಪಟ್ಟೆ, ಇನ್ನರ್ಧ ದಾರಿ ನಮಗೆ ಗೋಲಿ ಯಾರೆಂದು ಚಿಂತೆ ಮಾಡಿದೆ.

ಭಾನುವಾರ ಗೌರಿ ಹಬ್ಬವೂ ಹೌದು, ರಂಜಾನೂ ಹೌದು. ಖಾದರ್ ಹೊಸ ಜುಬ್ಬ ಹಾಕಿಕೊಂಡು ಬಂದ. ನಮ್ಮಂಥ ಮಡಿವಂತರ ಮನೆಗೆ ಹಬ್ಬದ ಪಾಯಸವನ್ನು ಬೇಯಿಸಿ ಕೊಡದೆ, ಶಾವಿಗೆ, ಸಕ್ಕರೆ, ದ್ರಾಕ್ಷಿಯನ್ನು ಹಸಿಯಾಗಿಯೇ ತಟ್ಟೆಯಲ್ಲಿಟ್ಟು ಕೊಡುವುದು ಅವರ ಮನೆಯ ರೂಢಿ. ಸಕ್ಕರೆಗೂ ರೇಷನ್ ಇದ್ದ ಕಾಲ; ಎಲ್ಲಿ ಕೂಡಿಟ್ಟಿದ್ದನೋ. ತಟ್ಟೆ ತೆಗೆದುಕೊಳ್ಳಲು ನನ್ನ ಕೈ ಏಳಲಿಲ್ಲ. ಅವನಿಗೂ ಹೇಳಿದೆ, ಒಂದೂ ಬಿಡದೆ.

“ಗೊತ್ತಿತ್ತು ಬಿಡಿ ಮೇಷ್ಟ್ರೇ,” ಎಂದ. “ರೈಲು ಕೂಗೋವಾಗ ನೀವು ಸ್ಟೇಷನ್ ಕಡೆಯಿಂದ ತಿರುಗಿ ಬಂದ್ರಿ. ಮಿಷನ್ ತುಳೀತಾ ನೋಡ್ತಾ ಇದ್ದೆ.”

“ಮತ್ತೆ ಕೋಪ ಬರಲಿಲ್ಲವೇನೋ ಮಾರಾಯ?”

“ಬಂತು. ಎರಡು ರವಿಕೆ ಹೊಲಿಯೋವರೆಗೆ ಇತ್ತು. ಆಮೇಲೆ, ಇವನು ಹೋದ್ರೆ ಗೋಲು ಖಾಲಿ ಆಗುತ್ತೆ ಅಂತ ಇಷ್ಟು ಸಂಕಟಪಡೋರು ಈ ಊರಲ್ಲಿ ಒಬ್ಬರಾದ್ರೂ ಇದಾರಲ್ಲ ಅನ್ನಿಸ್ತು.” ಅವನು ತಟ್ಟೆಯನ್ನು ನನ್ನ ಕೈಯಲ್ಲಿಟ್ಟ. ನನಗೆ ಅಳು ಬಂತು.

ಮರುವರ್ಷದ ಪಂದ್ಯಕ್ಕೆ ಖಾದರ್ ಭದ್ರಾವತಿಯ ಗೋಲಿನಲ್ಲಿ ನಿಂತಿದ್ದ. ನಾವು ಮತ್ತೆ ಮಲವಗೊಪ್ಪದಿಂದ ನಡೆದು ಬಂದೆವು. ಅವನ ಹೆಂಡತಿ ಕಳಿಸಿದ್ದ ಬಾದಾಮಿ ದಾರಿಗಾಯಿತು. ಈಗ ಪಟ್ಟಿ ಬರೆಯುವಾಗ ರಂಜಾನಿನ ಹಬ್ಬಕ್ಕೆಂದು ಗೆರೆ ಎಳೆದ ಮನೆಯನ್ನು ಖಾಲಿ ಬಿಡುತ್ತೇನೆ. ಅವನು ಹೇಳಿ ಕಳಿಸಿದ ಮೇಲೆಯೇ ಅದಕ್ಕೆ ಕೆಂಪು ಮಸಿ. ಅಷ್ಟು ನೀಟಾದ ಹಾಳೆಯಲ್ಲಿ ಒಂದು ಮನೆ ಖಾಲಿಯಿದ್ದರೆ ಮೊದಮೊದಲು ಕಣ್ಣಿಗೆ ಚುಚ್ಚುತ್ತಿತ್ತು, ಈಗ ರೂಢಿಯಾಗಿದೆ.

ಚೌತಿಯ ಸಂಜೆ ಬಂತೆಂದರೆ ಸಾವಿತ್ರಿ ಇಂದಿಗೂ ಪಡುವಣದ ಕಿಟಕಿ ಮುಚ್ಚುತ್ತಾಳೆ. ಆ ದಿನದ ಚಂದ್ರನನ್ನು ನೋಡಿದವರಿಗೆ ಮಾಡದ ತಪ್ಪಿನ ಅಪವಾದ ಬರುತ್ತದಂತೆ. ಮುಚ್ಚಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಅಪವಾದದ ಭಯ ನನಗಿಲ್ಲ. ಮಾಡಿದ ತಪ್ಪಿಗೇ ನನ್ನ ಮೇಲೆ ಅಪವಾದ ಹೊರಿಸದೆ, ಕೈಗೆ ಶಾವಿಗೆಯ ತಟ್ಟೆ ಕೊಟ್ಟು ಹೋದವನೊಬ್ಬನನ್ನು ನಾನು ನೋಡಿದ್ದೇನೆ.