ಕಾಶಿಯಲ್ಲಿ ಬಿಟ್ಟ ಜಿಡ್ಡು

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಜೀರ್ಣಕ್ರಿಯೆಯ ಅಧ್ಯಾಯ ಬಂದಾಗ ಬೋರ್ಡಿನ ಮೇಲೆ ಜಠರ, ಪಿತ್ತಕೋಶ, ಸಣ್ಣ ಕರುಳು ಬರೆದು ಬಾಣದ ಗುರುತು ಹಾಕುತ್ತೇನೆ. ಮಕ್ಕಳು ಅದನ್ನು ನಕಲು ಮಾಡಿಕೊಂಡು ಪರೀಕ್ಷೆ ಮುಗಿದ ಕೂಡಲೇ ಮರೆತುಬಿಡುತ್ತಾರೆ. ನನ್ನ ಸ್ವಂತ ಮನೆಯಲ್ಲೇ ಆ ಪಾಠಕ್ಕೆ ಕವಡೆ ಕಾಸಿನ ಕಿಮ್ಮತ್ತು ಇಲ್ಲದಿದ್ದಾಗ ಬೇರೆಯವರ ಮಕ್ಕಳನ್ನು ಬೈದು ಪ್ರಯೋಜನವಿಲ್ಲ.

ನಮ್ಮದು ಪುಟ್ಟೇನಹಳ್ಳಿಯ ಹಳೇ ಮನೆ. ಈಗ ಬಾಡಿಗೆಯವರಿರುವ ಕಟ್ಟಡದ ಜಾಗದಲ್ಲಿ ಮೊದಲು ಕೊಟ್ಟಿಗೆ ಇತ್ತು. ಅಮ್ಮ ಬೆಣ್ಣೆ ಕಾಯಿಸುವಾಗ ಒಂದು ಹಿಡಿ ನುಗ್ಗೆಸೊಪ್ಪು ಹಾಕುತ್ತಿದ್ದಳು. ತಳದಲ್ಲಿ ಗರಿಗರಿಯಾಗಿ ಉಳಿದ ಆ ಸೊಪ್ಪಿಗೆ ನನಗೂ ಅಪ್ಪನಿಗೂ ಜಗಳ. ಹಸುಗಳು ಹೋದ ಮೇಲೂ ಅಂಗಡಿ ಬೆಣ್ಣೆ ತರಿಸಿ ಹಾಗೇ ಕಾಯಿಸುತ್ತಿದ್ದಳು. ಮುದ್ದೆಗೆ ಹೆಬ್ಬೆರಳಿನಲ್ಲಿ ಗುಳಿ ಮಾಡಿ ತುಪ್ಪ ತುಂಬಿಸಿಕೊಳ್ಳದೆ ಅವಳು ಊಟ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಅಪ್ಪನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು "ಜಿಡ್ಡು ಕಮ್ಮಿ ಮಾಡಿ" ಎಂದರು. ಒಗ್ಗರಣೆಗೆ ಒಂದಿಷ್ಟು ಎಣ್ಣೆ ಪರವಾಗಿಲ್ಲ, ಭಾನುವಾರ ಮುದ್ದೆಗೆ ಒಂದು ಚಮಚ ತುಪ್ಪ ಹಾಕಿಕೊಳ್ಳಲಿ ಎಂದೂ ಹೇಳಿದರು. ಅಪ್ಪ ಚೇತರಿಸಿಕೊಂಡ ಮೇಲೆ ನೆಂಟರೆಲ್ಲ ಸೇರಿ ಕಾಶಿಗೆ ಹೋದರು.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು, ಬಿಟ್ಟದ್ದನ್ನು ಸಾಯುವವರೆಗೆ ಬಾಯಿಗೆ ಇಡಬಾರದು ಎಂಬುದು ಪದ್ಧತಿ. ನಮ್ಮವರು ಜಾಣರು. ಚಿಕ್ಕಮ್ಮ ಸೀಮೆಬದನೆಕಾಯಿ ಬಿಟ್ಟಳು. ಹುಟ್ಟಿದಾಗಿನಿಂದ ಹಾಗಲಕಾಯಿ ಮುಟ್ಟದ ಅಪ್ಪ ಬಹಳ ಭಕ್ತಿಯಿಂದ ಹಾಗಲಕಾಯಿ ಬಿಟ್ಟರು. ಅಮ್ಮ ಮಾತ್ರ ಗಂಗೆಯಲ್ಲಿ ನಿಂತು, "ಇವರ ಜೀವ ಗಟ್ಟಿಯಾಗಿರ್ಲಿ, ನಾನು ಜಿಡ್ಡು ಬಿಟ್ಟೆ" ಎಂದಳಂತೆ. ಡಾಕ್ಟರು ಬಳಸಿದ ಪದವನ್ನೇ ದೇವರಿಗೂ ಹೇಳಿದ್ದಳು. ತುಪ್ಪ ಎಂದಿದ್ದರೆ ಎಣ್ಣೆಯಾದರೂ ಉಳಿಯುತ್ತಿತ್ತು. ಜಿಡ್ಡು ಎಂದದ್ದರಿಂದ ತುಪ್ಪ, ಬೆಣ್ಣೆ, ಎಣ್ಣೆ, ಕೆನೆ, ಕಡಲೆಕಾಯಿ, ಕೊಬ್ಬರಿ ಎಲ್ಲವೂ ಒಟ್ಟಿಗೆ ಹೋದವು.

ಅಂದಿನಿಂದ ಒಗ್ಗರಣೆ ಬೀಳುವ ಮೊದಲೇ ತನ್ನ ಪಾಲಿನ ಸಾರನ್ನು ಬೇರೆ ಪಾತ್ರೆಗೆ ತೆಗೆದಿಟ್ಟುಕೊಳ್ಳುತ್ತಿದ್ದಳು. ಹೃದಯದ ಕಾಯಿಲೆಯವರು ಭಾನುವಾರ ತುಪ್ಪ ತಿನ್ನುತ್ತಿದ್ದರು, ಯಾವ ಕಾಯಿಲೆಯೂ ಇಲ್ಲದವಳು ಸಪ್ಪೆ ಸಾರು ತಿನ್ನುತ್ತಿದ್ದಳು. ಇದು ಸರಿಯಲ್ಲ ಎಂದು ನಾನು ಹೇಳಿದಾಗಲೆಲ್ಲ "ನಿನ್ನ ಪಾಠ ಕಾಲೇಜಲ್ಲಿ ಇಟ್ಕೊ" ಎಂಬ ಉತ್ತರ ಬರುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಅವಳಿಗೆ ಮೈಕೈ ನೋವು ಶುರುವಾಯಿತು. ಮಹಡಿ ಮೆಟ್ಟಿಲನ್ನು ಕಂಬಿ ಹಿಡಿದೇ ಹತ್ತಬೇಕಾಯಿತು. ಒಂದು ಬೆಳಿಗ್ಗೆ ಒದ್ದೆ ಬೆಡ್‌ಶೀಟ್ ಹಿಂಡುತ್ತಿದ್ದಾಗ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಜೆ.ಪಿ. ನಗರದ ಮೂಳೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ತೀರಾ ಕಡಿಮೆ ಎಂದು ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಗಳೆಲ್ಲ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಏನೂ ಏರಿಲ್ಲ.

"ಹೇಗೆ ತಗೊಂಡ್ರಿ?" ಎಂದು ಡಾಕ್ಟರು ಕೇಳಿದರು.

ಅಮ್ಮ ಹೆಮ್ಮೆಯಿಂದಲೇ ಹೇಳಿದಳು. "ಶನಿವಾರ ಸಾರ್. ತಲೆಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಖಾಲಿ ಹೊಟ್ಟೇಲಿ ತುಳಸಿ ನೀರಲ್ಲಿ ನುಂಗ್ತೀನಿ. ಅವತ್ತು ನಂಗೆ ಒಪ್ಪತ್ತು."

"ಅದು ತೀರ್ಥ ಅಲ್ಲಮ್ಮ. ಎಣ್ಣೆ, ತುಪ್ಪ ಇರೋ ಊಟದ ಜೊತೆ ತಗೊಂಡ್ರೆ ಮೈಗೆ ಹತ್ತುತ್ತೆ. ಇವತ್ತು ಮಣಿಕಟ್ಟು, ನಾಳೆ ಬಿದ್ರೆ ಸೊಂಟ. ಸೊಂಟ ಮುರಿದ್ರೆ ಈ ವಯಸ್ಸಲ್ಲಿ ಎದ್ದು ಓಡಾಡೋದು ಕಷ್ಟ."

ಅಮ್ಮ "ಆಗ್ಲಿ ಸಾರ್" ಎಂದಳು. ಆಟೋ ಹತ್ತಿದ ಮೇಲೆ ನನಗೆ "ಆಗಲ್ಲ" ಎಂದಳು.

ಆವತ್ತು ಮಧ್ಯಾಹ್ನ ಅಪ್ಪ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಸಿಟ್ಟಿನಲ್ಲೇ ಅವರಿಗೆ ಪೂರ್ತಿ ಪಾಠ ಒಪ್ಪಿಸಿದೆ. ಅಡುಗೆಮನೆಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಜಿಡ್ಡು ನೀರಿನಲ್ಲಿ ಬೆರೆಯುವುದಿಲ್ಲ. ಅದು ಸಣ್ಣ ಕರುಳಿಗೆ ಇಳಿದಾಗ ಪಿತ್ತಕೋಶ ತನ್ನನ್ನು ತಾನೇ ಹಿಂಡಿಕೊಂಡು ಪಿತ್ತರಸ ಬಿಡುತ್ತದೆ. ಪಾತ್ರೆ ತೊಳೆಯುವ ಸೋಪಿನ ಹಾಗೆ ಆ ರಸ ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕ ಗ್ರಂಥಿಯ ರಸ ಆ ಹನಿಗಳನ್ನು ಇನ್ನಷ್ಟು ಚೂರು ಮಾಡುತ್ತದೆ. ಕರುಳಿನ ಗೋಡೆ ಆ ಚೂರುಗಳನ್ನು ಒಳಕ್ಕೆ ಎಳೆದುಕೊಂಡು, ಮತ್ತೆ ಜೋಡಿಸಿ, ಪೊಟ್ಟಣ ಕಟ್ಟುತ್ತದೆ. ಆ ಪೊಟ್ಟಣಗಳು ಸಕ್ಕರೆಯ ಹಾಗೆ ನೇರ ಯಕೃತ್ತಿಗೆ ಹೋಗುವುದಿಲ್ಲ. ಹಾಲಿನ ಬಣ್ಣದ ದ್ರವದಲ್ಲಿ ಸೇರಿ, ಬೇರೆಯದೇ ನಾಳದಲ್ಲಿ ಬೆನ್ನುಮೂಳೆಯ ಪಕ್ಕ ಮೇಲಕ್ಕೆ ಹತ್ತಿ, ಎಡಗಡೆ ಕತ್ತಿನ ಬುಡದಲ್ಲಿ ರಕ್ತಕ್ಕೆ ಸೇರುತ್ತವೆ. ಅಲ್ಲಿಂದ ಮುಂದಕ್ಕೆ ಹೃದಯ. ವಿಟಮಿನ್ ಡಿ ಹೋಗುವುದೂ ಬಹುಪಾಲು ಈ ಪೊಟ್ಟಣಗಳ ಜೊತೆಗೇ. ಊಟದಲ್ಲಿ ಜಿಡ್ಡೇ ಇಲ್ಲದಿದ್ದರೆ ಪಿತ್ತಕೋಶ ಸುಮ್ಮನಿರುತ್ತದೆ, ನುಂಗಿದ ಮಾತ್ರೆ ಅಷ್ಟಿಷ್ಟು ಹತ್ತಿ ಉಳಿದದ್ದು ಹೊರಗೆ ಹೋಗುತ್ತದೆ.

ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಇಷ್ಟರಲ್ಲಿ ಅವಳು ಹಿಡಿದುಕೊಂಡದ್ದು ಒಂದೇ ಮಾತು.

"ಜಿಡ್ಡು ಹೃದಯಕ್ಕೇ ಹೋಗುತ್ತೆ ಅಂತ ನೀನೇ ಹೇಳ್ದೆ."

"ನಿನ್ನ ಹೃದಯಕ್ಕೆ ಅಮ್ಮ. ಅಪ್ಪನದಕ್ಕಲ್ಲ."

"ನಂಗೇನೂ ವ್ಯತ್ಯಾಸ ಕಾಣಲ್ಲ. ಬಿಟ್ಟಿದ್ದು ತಿಂದು ಇವರಿಗೆ ಏನಾದ್ರೂ ಆದ್ರೆ ನಿನ್ನ ಪುಸ್ತಕ ಬಂದು ಉಳಿಸುತ್ತಾ?"

ಅಪ್ಪ ತಲೆ ಎತ್ತಲಿಲ್ಲ, ಅವರೆಕಾಯಿ ಬಿಡಿಸುತ್ತಲೇ ಇದ್ದರು. ಕೇಳಿಸಿಕೊಂಡರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮುಂದಿನ ಭಾನುವಾರ ಅಮ್ಮ ಎಂದಿನಂತೆ ಅವರ ಮುದ್ದೆಗೆ ತುಪ್ಪ ಹಾಕಲು ಬಗ್ಗಿದಳು. ಅವರು ಅವಳ ಕೈಯಿಂದ ಚಮಚ ತೆಗೆದುಕೊಂಡು, ಪಕ್ಕದಲ್ಲಿದ್ದ ಅವಳ ತಟ್ಟೆಯ ಮುದ್ದೆಯ ಮೇಲೆ ಸುರಿದುಬಿಟ್ಟರು. ಅಮ್ಮ ತಟ್ಟೆಯನ್ನು ದೂರ ತಳ್ಳಿದಳು.

"ಜಿಡ್ಡು ಬಿಟ್ಟಿದ್ದು ಯಾರಿಗೋಸ್ಕರ?" ಎಂದು ಅಪ್ಪ ಕೇಳಿದರು.

"ನಿಮಗೋಸ್ಕರ."

"ಹಂಗಾದ್ರೆ ಅದು ನನ್ನ ಆಸ್ತಿ. ಖಾತೆ ನನ್ನ ಹೆಸರಿಗೆ ಮಾಡ್ಕೊಂಡೆ. ಇವತ್ತಿಂದ ತುಪ್ಪ ಬಿಟ್ಟಿರೋನು ನಾನು."

ಸೈಟುಗಳ ವ್ಯವಹಾರದಲ್ಲೇ ಅರ್ಧ ಆಯಸ್ಸು ಕಳೆದವರು ಬೇರೆ ಹೇಗೆ ಮಾತಾಡುತ್ತಾರೆ. ನನಗೆ ನಗು ಬಂತು. ಅಮ್ಮ ನಗಲಿಲ್ಲ. "ನಿಮಗೇನಾದ್ರೂ ಆದ್ರೆ?" ಎಂದಳು.

"ಆದ್ರೆ ನಂದು ತಪ್ಪು, ನಿಂದಲ್ಲ. ತಿನ್ನು. ನೀನು ತಿನ್ನೋವರ್ಗೂ ನಾನು ಕೈ ತೊಳೆಯಲ್ಲ."

ಮುದ್ದೆ ತಣ್ಣಗಾಗಿ ಬಿರುಸಾಯಿತು. ಇಬ್ಬರೂ ಹಟಮಾರಿಗಳು, ನಾನು ನನ್ನ ಪಾಡಿಗೆ ಊಟ ಮುಗಿಸಿದೆ. ಕೊನೆಗೆ ಅಮ್ಮ ಒಂದು ತುತ್ತು ಮುರಿದು, ಕಣ್ಣು ಮುಚ್ಚಿಕೊಂಡು ನುಂಗಿದಳು. ಅಪ್ಪ ಮಾತ್ರೆ ಬಿಡಿಸಿ ಅವಳ ಅಂಗೈಗೆ ಹಾಕಿದರು. ಸಂಜೆಯವರೆಗೆ ಅವಳು ಅಪ್ಪನ ಕುರ್ಚಿ ಬಿಟ್ಟು ಆಚೆ ಈಚೆ ಹೋಗಲಿಲ್ಲ. "ಎದೆ ಹೆಂಗಿದೆ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. "ನಿನ್ನ ಮಣಿಕಟ್ಟು ಹೆಂಗಿದೆ?" ಎಂದು ಅವರು ಕೇಳುತ್ತಿದ್ದರು.

ಭಾನುವಾರದ ಊಟ ಹೀಗೇ ನಡೆದುಕೊಂಡು ಹೋಯಿತು. ಬೇರೆ ದಿನ ತನ್ನ ಸಾರಿಗೂ ಒಗ್ಗರಣೆ ಹಾಕಿಕೊಳ್ಳತೊಡಗಿದಳು. ಅಮ್ಮನ ರಕ್ತ ಪರೀಕ್ಷೆ ನೆಟ್ಟಗಾಯಿತು. ಕಂಬಿ ಹಿಡಿಯದೆ ಮಹಡಿಗೆ ಹೋಗಿ ಬಟ್ಟೆ ಒಣಗಿಸುವಂತಾದಳು. ಅಪ್ಪ ತುಪ್ಪ ಮುಟ್ಟಲಿಲ್ಲ. ಕೆರೆಯ ಸುತ್ತ ವಾಕಿಂಗ್ ಮಾಡುವವರಿಗೆಲ್ಲ ತಾವು ತುಪ್ಪ ಬಿಟ್ಟ ಕಥೆ ಹೇಳುತ್ತಿದ್ದರು. ಹಾಗಲಕಾಯಿಯ ವಿಷಯ ಹೇಳುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹಿಡಿಯಿತು, ಜ್ವರ ಬಂತು, ಸೋಂಕು ಶ್ವಾಸಕೋಶಕ್ಕೆ ಇಳಿಯಿತು. ಜಯನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಷಯ ಹೇಳಲು ಬಂದ ಡಾಕ್ಟರಮ್ಮನನ್ನು ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಹೃದಯ ಅಲ್ಲ ತಾನೆ, ಮೇಡಂ?"

"ಅಲ್ಲಮ್ಮ, ಲಂಗ್ಸ್. ಹಾರ್ಟ್ ಕೊನೇವರ್ಗೂ ತನ್ನ ಕೆಲಸ ಮಾಡ್ತು."

ಅಮ್ಮ ನನ್ನ ಕಡೆ ತಿರುಗಿ, "ನಿಜಾನಾ?" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ವಿದ್ಯೆಯನ್ನು ಕೇಳಿದ್ದು ಅದೇ ಮೊದಲು. ನಿಜ ಎಂದೆ. ಆಗ ಅವಳು ಅತ್ತಳು. ನಾನೂ ಅತ್ತೆ.

ನಮ್ಮಲ್ಲಿ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು ತುಪ್ಪ ಬಿಡುವ ಶಾಸ್ತ್ರವಿದೆ. ಹಿಂದಿನ ದಿನ ಅಮ್ಮ ತಾನೇ ಬೆಣ್ಣೆ ಕಾಯಿಸಿದಳು, ನುಗ್ಗೆಸೊಪ್ಪು ಹಾಕಿದಳು. ಸೊಪ್ಪನ್ನು ನಾನು ಮುಟ್ಟಲಿಲ್ಲ. ಮಣ್ಣಿನ ಗುಡ್ಡೆಯ ಮುಂದೆ ನೆಂಟರು ಒಬ್ಬೊಬ್ಬರಾಗಿ ಬಂದು ವೀಳ್ಯದೆಲೆಯಲ್ಲಿ ಒಂದೊಂದು ಹನಿ ಹಾಲು, ಒಂದೊಂದು ಹನಿ ತುಪ್ಪ ಬಿಟ್ಟರು. ಅಮ್ಮನ ಸರದಿ ಬಂದಾಗ ಅವಳು ಎಲೆಯನ್ನು ಪಕ್ಕಕ್ಕಿಟ್ಟು, ಯಾರ ಕೈಯೂ ಹಿಡಿಯದೆ ಬಗ್ಗಿ, ತುಪ್ಪದ ಚೊಂಬನ್ನೇ ಎತ್ತಿಕೊಂಡು ಬಗ್ಗಿಸಿದಳು. ತುಪ್ಪ ಮಣ್ಣಿನ ಮೇಲೆ ಧಾರೆಯಾಗಿ ಇಳಿಯಿತು.

"ಸಾಕು ಅತ್ತಿಗೆ, ಶಾಸ್ತ್ರಕ್ಕೆ ಅಷ್ಟು ಸಾಕು" ಎಂದು ಚಿಕ್ಕಪ್ಪ ಕೈ ಅಡ್ಡ ತಂದರು.

"ತಿನ್ಲಿ ಬಿಡಪ್ಪ" ಎಂದಳು ಅಮ್ಮ. "ನನಗೋಸ್ಕರ ಬಿಟ್ಟಿದ್ರು."

ಚಿಕ್ಕಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಚೊಂಬು ಖಾಲಿಯಾಗುವವರೆಗೆ ಅಮ್ಮ ಸುರಿದಳು.