ಮೊದಲು ಓಟು ಕೇಳಿ, ಆಮೇಲೆ ತಲೆ ಬಗ್ಗಿಸಿ

ಟಿಕೆಟ್ ತಪ್ಪಿದ ಮೇಲೆ ನನ್ನ ಗಂಡ ಹಟ್ಟಿಯ ಅಂಗಳಕ್ಕೆ ಹೋಗುವುದನ್ನೇ ಬಿಟ್ಟರು. ಎರಡು ಅವಧಿ ಶಾಸಕರಾಗಿದ್ದವರು. ಮೂರನೆಯ ಅವಧಿಗೂ ಪಕ್ಷ ತಮ್ಮನ್ನೇ ನಿಲ್ಲಿಸುತ್ತದೆ ಎಂದು ಜೀಪಿಗೆ ಹೊಸ ಟೈರು ಹಾಕಿಸಿ ಕಾದಿದ್ದವರು. ಟಿ.ವಿ.ಯಲ್ಲಿ ಬಂದದ್ದು ಬೇರೆ ಹೆಸರು. ಅದೂ ಯಾರದು? ಇವರ ಜೊತೆ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಹತ್ತು ವರ್ಷ ಕ್ಷೇತ್ರ ಸುತ್ತಿ, ದಿನಾ ಬೆಳಿಗ್ಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿದವನದು. ಅವನ ಲೋಟ ಯಾವುದೆಂದು ನನಗೆ ಗೊತ್ತಿತ್ತು. ಅವತ್ತೇ ಅದನ್ನು ಎತ್ತಿ ಅಟ್ಟಕ್ಕೆ ಎಸೆದೆ.

ನಮ್ಮದು ಊಟಿಯಿಂದ ಸ್ವಲ್ಪ ಆಚೆಗಿನ ಬಡಗರ ಹಟ್ಟಿ. ಹಟ್ಟಿಯೆಂದರೆ ಊರು. ಒಂದೇ ಸಾಲಿಗೆ ಮನೆಗಳು, ಎದುರಿಗೆ ಎಲ್ಲರಿಗೂ ಸೇರಿದ ಹುಲ್ಲಿನ ಅಂಗಳ, ಅಲ್ಲಿಂದ ಕೆಳಕ್ಕೆ ಅವರವರ ಟೀ ತೋಟ. ಮನೆಗೂ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಪಕ್ಕದವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ. ನಾನು ಹುಟ್ಟಿದ್ದು ಮಸಿನಗುಡಿ ಹತ್ತಿರದ ಮಾವನಲ್ಲ ಎಂಬ ಊರಿನಲ್ಲಿ, ಓದಿದ್ದು ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿ. ಹಾಗಾಗಿ ಮನೆಯಲ್ಲಿ ಆಡುವುದು ಬಡಗ, ಮಾರ್ಕೆಟ್ಟಿನಲ್ಲಿ ಜಗಳವಾಡುವುದು ತಮಿಳು, ಬರೆಯುವುದು ಕನ್ನಡ.

ತೊಡಕು ಇದ್ದದ್ದು ಇಲ್ಲಿ: ಟಿಕೆಟ್ ಸಿಕ್ಕವನ ಹೆಂಡತಿ ನಮ್ಮ ಪಕ್ಕದ ಮನೆಯ ಮಗಳು. ಇವರ ಬೆಂಬಲಿಗರು ದಿನಾ ಬಂದು, ಪಕ್ಷೇತರರಾಗಿ ನಿಲ್ಲಿ, ಗೆಲ್ಲಿಸುವುದು ನಮ್ಮ ಹೊಣೆ ಎಂದು ದುಂಬಾಲು ಬಿದ್ದಿದ್ದರು. ನಿಂತರೆ ಹಟ್ಟಿ ಎರಡಾಗುವುದು ಖಂಡಿತ, ಅದೂ ನಮ್ಮ ಮನೆಯ ಗೋಡೆಯಿಂದಲೇ. ಆಗಲೇ ಪಕ್ಕದ ಮನೆಯವಳು, ಅಂದರೆ ಅವನ ಅತ್ತೆ, ನಾನು ನೀರು ಹಿಡಿದುಕೊಂಡು ಒಳಗೆ ಬಂದ ಮೇಲೆಯೇ ನಲ್ಲಿಗೆ ಹೋಗುತ್ತಿದ್ದಳು. ಈ ಹಟ್ಟಿಗೆ ಸೊಸೆಯಾಗಿ ಬಂದ ದಿನದಿಂದ ನನ್ನ ಕಷ್ಟಸುಖ ಕೇಳಿದವಳು ಅವಳೊಬ್ಬಳೇ. ಅವಳನ್ನು ಕಳೆದುಕೊಳ್ಳುವ ಭಯ ಒಳಗೊಳಗೇ ಇತ್ತು. ಆದರೂ ಸಿಟ್ಟು ನೆತ್ತಿಗೇರಿತ್ತಲ್ಲ, ನಿಲ್ಲಲೇಬೇಕು ಎಂದು ಗಂಡನ ಬೆನ್ನು ಹತ್ತಿದವಳು ನಾನೇ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕತ್ತಿ ತೆಗೆದುಕೊಂಡು ತೋಟಕ್ಕೆ ಇಳಿಯುವರು, ಕತ್ತಲಾಗುವ ಮುಂಚೆ ಹಿತ್ತಿಲ ದಾರಿಯಿಂದ ಮನೆಗೆ ಬರುವರು. ಅಂಗಳದಲ್ಲಿ ಕೂತ ಹಿರಿಯರಿಗೆ ಮುಖ ತೋರಿಸಬೇಕಾಗುತ್ತದೆ ಎಂದು ಆ ಕಡೆಯಿಂದ ಬರುತ್ತಲೇ ಇರಲಿಲ್ಲ.

ಇವರ ರಾಜಕೀಯ ಶುರುವಾದದ್ದನ್ನು ಹೇಳಬೇಕಾದರೆ ನಮ್ಮ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಕಿರಿಯರು ಹಿರಿಯರನ್ನು ಕಂಡರೆ ತಲೆ ಬಗ್ಗಿಸುತ್ತಾರೆ. ಹಿರಿಯರು ಆ ತಲೆಯ ಮೇಲೆ ಬಲಗೈ ಇಟ್ಟು, ಒಳ್ಳೆಯದಾಗಲಿ, ಒಂದು ಸಾವಿರವಾಗಲಿ ಎಂದು ಹರಸುತ್ತಾರೆ. ಹೊಲದ ಗಡಿಗೆ ಜಗಳ ಕಾದವನಾದರೂ ಸರಿ, ಕೋರ್ಟಿಗೆ ಎಳೆದವನಾದರೂ ಸರಿ, ಬಗ್ಗಿದ ತಲೆಯನ್ನು ಹಾಗೇ ಬಿಟ್ಟು ಒಳಗೆ ಹೋಗುವಂತಿಲ್ಲ.

ಮೊದಲ ಚುನಾವಣೆಯಲ್ಲಿ ಇವರು ಹಟ್ಟಿಯಿಂದ ಹಟ್ಟಿಗೆ ಹೋಗಿ ತಲೆ ಬಗ್ಗಿಸಿದ್ದೇ ಬಗ್ಗಿಸಿದ್ದು. ಹಲ್ಲಿಲ್ಲದ ಅಜ್ಜಂದಿರು, ಬಿಳಿ ಸೀರೆಯ ಅಜ್ಜಿಯರು, ಬಿಸಿಲಿಗೆ ಕೂತವರು, ಹಾಸಿಗೆ ಹಿಡಿದವರು, ಎಲ್ಲರ ಕೈಯೂ ಇವರ ತಲೆಯ ಮೇಲೆ ಬಿತ್ತು. ಮದುವೆಯಾದಾಗ ದಟ್ಟವಾಗಿದ್ದ ಕೂದಲು ಆ ಪ್ರಚಾರದಲ್ಲೇ ಸವೆದುಹೋಯಿತು ಎಂದು ನಾನು ಈಗಲೂ ಛೇಡಿಸುತ್ತೇನೆ. ಮನೆಗೆ ಬಂದು, ಈ ಹಟ್ಟಿ ನಮ್ಮದು, ಆ ಹಟ್ಟಿಯೂ ನಮ್ಮದು ಎಂದು ಬೆರಳು ಮಡಿಸುತ್ತಿದ್ದರು. ಅಷ್ಟು ಕೈಗಳು ಬಿದ್ದ ಮೇಲೆ ಸೋಲುವುದುಂಟೇ ಎಂದು ನಾನೂ ನಂಬಿದೆ. ವಿಧಾನಸಭೆಯ ಪ್ರಮಾಣವಚನಕ್ಕೆ ಯಾವ ಸೀರೆ ಉಡುವುದು ಎಂದು ಯೋಚಿಸಿಯೂ ಆಗಿತ್ತು.

ಸೋತರು. ಸೋಲೆಂದರೆ ಸಣ್ಣ ಸೋಲಲ್ಲ, ಹೇಳಿಕೊಳ್ಳಲಾಗದ ಸೋಲು. ಆಮೇಲೆ ಯಾರದೋ ತಿಥಿಗೆ ಮೇಲಿನ ಹಟ್ಟಿಗೆ ಹೋದಾಗ, ಎಲ್ಲರಿಗಿಂತ ಉದ್ದಕ್ಕೆ ಹರಸಿದ್ದ ಒಬ್ಬ ಅಜ್ಜಿ ಎದುರಿಗೆ ಸಿಕ್ಕರು. ಇವರಿಗೆ ತಡೆಯಲಾಗಲಿಲ್ಲ, ಅಷ್ಟು ಹರಸಿ ಓಟು ಯಾರಿಗೆ ಹಾಕಿದಿರಿ ಎಂದು ಕೇಳಿಯೇ ಬಿಟ್ಟರು. ಅಜ್ಜಿಗೆ ಒಂದಿಷ್ಟೂ ಮುಜುಗರವಾಗಲಿಲ್ಲ.

“ನೀ ತಲೆ ಬಗ್ಗಿಸಿದೆ, ನಾ ಹರಸಿದೆ. ಓಟು ಬೇಕು ಎಂದು ಎನ್ನ ಕೇಳಿದೆಯಾ? ಅವ ಕೇಳಿದ, ಅವಗ ಹಾಕಿದೆ” ಎಂದರು.

ನಿಜವಾಗಿಯೂ ಇವರು ಯಾರನ್ನೂ ಓಟು ಕೇಳಿರಲೇ ಇಲ್ಲ. ಹಿರಿಯರು ಮನಸ್ಸಾರೆ ಹರಸಿದ ಮೇಲೆ, ಆಯಿತು ಈಗ ಓಟನ್ನೂ ಕೊಡಿ ಎನ್ನಲು ನಾಚಿಕೆ. ಎದುರಾಳಿಯೂ ನಮ್ಮವನೇ, ಆದರೆ ಅವನಿಗೆ ಆ ನಾಚಿಕೆ ಇರಲಿಲ್ಲ. ಅಂಗಳಕ್ಕೆ ಕಾಲಿಡುವಾಗಲೇ ಓಟು ಕೇಳಿ, ಹಿರಿಯರು ಬೇಡ ಎನ್ನದಿದ್ದರೆ ಮಾತ್ರ ತಲೆ ಬಗ್ಗಿಸುತ್ತಿದ್ದನಂತೆ. ಕೇಳಿದ ಮೇಲೆ ಕೈ ಇಟ್ಟರೆ ಅದು ಕೊಟ್ಟ ಮಾತು. ಕೇಳದೆ ಇಟ್ಟರೆ ಬರೀ ಹಾರೈಕೆ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ನಕ್ಕೆ. ಇವರು ಮುಖ ಗಂಟಿಕ್ಕಿಕೊಂಡೇ ಜೀಪು ಓಡಿಸಿದರು.

ಎರಡನೆಯ ಸಲ ಅದನ್ನೇ ಬಾಯಿಪಾಠ ಮಾಡಿಕೊಂಡು ಹೊರಟರು. ಮೊದಲು ಓಟು, ಆಮೇಲೆ ತಲೆ. ಜೀಪಿನ ಹಿಂದಿನ ಸೀಟಿನಲ್ಲಿದ್ದ ಆ ಕಿರಿಯನಿಗೂ ದಿನಾ ಅದನ್ನೇ ಹೇಳಿಕೊಡುತ್ತಿದ್ದರು. ಊಟಿ ಮಾರ್ಕೆಟ್ಟಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಕೈ ಮುಗಿಯಬೇಕು, ಶಾಲು ಹೊದಿಸಿಕೊಳ್ಳಬೇಕು. ಆದರೆ ಹಟ್ಟಿಗಳಲ್ಲಿ ಸುತ್ತಿ ಸುತ್ತಿ ಇವರ ಕುತ್ತಿಗೆಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಅವಲಾಂಚ್ ಕಡೆಯ ಕರೆಂಟ್ ಆಫೀಸಿನ ಕ್ವಾರ್ಟರ್ಸಿನಲ್ಲಿ, ಬಯಲುಸೀಮೆಯಿಂದ ಬಂದ ಇಂಜಿನಿಯರೊಬ್ಬರ ತಾಯಿಯ ಮುಂದೆ ಓಟು ಕೇಳಿ ತಲೆ ಬಗ್ಗಿಸಿದರಂತೆ. ಆಕೆ ಪಾಪ, ಏನೋ ಬೀಳಿಸಿಕೊಂಡಿದ್ದಾರೆ ಎಂದು ತಾವೂ ಬಗ್ಗಿ ನೆಲದಲ್ಲಿ ಹುಡುಕಿದರಂತೆ. ಆ ಮನೆಯ ಓಟು ಬಂತೋ ಇಲ್ಲವೋ ತಿಳಿಯದು, ಇವರು ಮಾತ್ರ ಗೆದ್ದರು.

ಶಾಸಕರ ಹೆಂಡತಿ ಎಂದರೆ ಏನೇನೋ ಅಂದುಕೊಳ್ಳುತ್ತಾರೆ. ನನ್ನ ಪಾಲಿಗೆ ಅದು ಯಾವಾಗಲೂ ಒಲೆಯ ಮೇಲಿರುವ ಟೀ ಪಾತ್ರೆ. ನಾವು ಹಲ್ಲುಜ್ಜುವ ಮೊದಲೇ ಜನ ಜಗುಲಿಯಲ್ಲಿರುತ್ತಿದ್ದರು. ಒಬ್ಬರಿಗೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಬೆಡ್ಡು ಬೇಕು, ಒಬ್ಬರ ಕಾಫಿ ತೋಟಕ್ಕೆ ಆನೆ ನುಗ್ಗಿದೆ, ಒಬ್ಬರಿಗೆ ಬಸ್ಸು ಅವರ ಮನೆಯ ತಿರುವಿನಲ್ಲೇ ನಿಲ್ಲಬೇಕು. ಇವರು ಚೆನ್ನೈಗೆ ಹೋದರೆ ಸೆಕೆಗೆ ಬೆವರುಸಾಲೆ ಎದ್ದು ವಾಪಸಾಗುತ್ತಿದ್ದರು. ಸಭೆಯಲ್ಲಿ ದೊಡ್ಡ ಭಾಷಣ ಮಾಡಿದ್ದು ನಾನು ಕಾಣೆ. ಆದರೆ ಮಣ್ಣು ಕುಸಿಯುತ್ತಿದ್ದ ಶಾಲೆಯ ಹಿಂದೆ ತಡೆಗೋಡೆ ಕಟ್ಟಿಸಿದರು, ಮೇಲಿನ ಹಟ್ಟಿಗೆ ಬಸ್ಸು ತಂದರು, ಯಾವ ಹಟ್ಟಿಯಲ್ಲಿ ಸಾವಾದರೂ ಹೋಗಿ ನಿಂತರು. ಎರಡನೆಯ ಅವಧಿಗೂ ಜನ ಕಳಿಸಿದರು. ಅದು ನನಗೆ ಹೆಮ್ಮೆ, ಮುಚ್ಚಿಡುವುದೇನಿದೆ?

ಅಂಥವರಿಗೆ ಟಿಕೆಟ್ ತಪ್ಪಿತಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ನಾಮಪತ್ರ ಸಲ್ಲಿಸಲು ಇನ್ನೇನು ಸಮಯ ಮುಗಿಯಲಿತ್ತು. ಅವತ್ತು ಬೆಳಿಗ್ಗೆ ಬೆಂಬಲಿಗರು ಬಂದು ಇವರನ್ನು ಕರೆದುಕೊಂಡೇ ಹೋಗುತ್ತೇವೆ ಎಂದು ಫೋನು ಮಾಡಿದ್ದರು. ಇವರು ತೋಟದಲ್ಲಿದ್ದರು. ಎಳೆಬಿಸಿಲು ಬಂದಿತ್ತು. ಜಗುಲಿಯಲ್ಲಿ ಕೂತು ನಾನು ಅವರೆಕಾಯಿ ಸುಲಿಯುತ್ತಿದ್ದೆ. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು. ನೋಡಿದರೆ ಅವನು. ಬಾವುಟವಿಲ್ಲ, ಹಿಂದೆ ಜನವಿಲ್ಲ, ಹೆಗಲ ಮೇಲಿನ ಪಕ್ಷದ ಶಾಲನ್ನೂ ಅತ್ತೆಮನೆಯಲ್ಲೇ ಬಿಟ್ಟು ಬಂದಿದ್ದ.

ಅವನಿಗೆ ಹೇಳಬೇಕಾದದ್ದನ್ನೆಲ್ಲ ನಾನು ದಿನಗಟ್ಟಲೆ ಮನಸ್ಸಿನಲ್ಲೇ ಮಸೆದು ಇಟ್ಟುಕೊಂಡಿದ್ದೆ. ಉಂಡ ಮನೆ, ಕುಡಿದ ಕಾಫಿ, ಕಲಿತ ವಿದ್ಯೆ, ಎಲ್ಲವೂ ಸಾಲಾಗಿ ನಿಂತಿದ್ದವು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನೇ ಮಾತಾಡಿದ.

“ಮಾಮಿ, ಮೊದಲು ಕೇಳಿಬಿಡುತ್ತೇನೆ. ಈ ಸಲ ಎನಗೆ ಓಟು ಹಾಕಬೇಕು” ಎಂದ. ಬೈಗುಳಕ್ಕೋ ಏನೋ ಒಂದು ಗಳಿಗೆ ಕಾದ. ಆಮೇಲೆ ನನ್ನ ಮುಂದೆ ತಲೆ ಬಗ್ಗಿಸಿದ.

ನನ್ನ ಕೈ ಎದ್ದುಹೋಯಿತು. ನಾನು ಎತ್ತಿದೆ ಎಂದರೆ ಸುಳ್ಳಾಗುತ್ತದೆ. ಹತ್ತು ವರ್ಷ ದಿನಾ ಬೆಳಿಗ್ಗೆ ಬಗ್ಗಿದ ತಲೆ, ದಿನಾ ಬೆಳಿಗ್ಗೆ ಇಟ್ಟ ಕೈ. ಅವರೆಸೊಗಡು ಮೆತ್ತಿದ ಬೆರಳುಗಳು ಅವನ ಕೂದಲಿನ ಮೇಲೆ ಕೂತಿದ್ದವು. ಬಾಯಿಯೂ ತನ್ನಷ್ಟಕ್ಕೆ, ಒಳ್ಳೆಯದಾಗಲಿ, ಒಂದು ಸಾವಿರವಾಗಲಿ ಎಂದು ಪೂರ್ತಿ ಹೇಳಿ ಮುಗಿಸಿತು. ಮಸೆದಿಟ್ಟ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಬೆಂಬಲಿಗರ ಕಾರು ಅಂಗಳದ ಅಂಚಿಗೆ ಬಂದು ನಿಂತಿತ್ತು. “ಐಯೋ ಮಾಮಿ, ಏನ ಮಾಡಿಬುಟ್ಟೆ!” ಎಂದು ಒಬ್ಬ ಅಲ್ಲಿಂದಲೇ ಕೂಗಿದ. ಇನ್ನೊಬ್ಬ ತೋಟಕ್ಕೆ ಓಡಿ ಇವರನ್ನು ಕರೆತಂದ. ಅವನು ಮೆಲ್ಲನೆ ಅತ್ತೆಮನೆಯ ಒಳಗೆ ಸೇರಿಕೊಂಡ.

ಇವರು ಕೆಸರು ಕಾಲಿನಲ್ಲೇ ನಿಂತು ಎಲ್ಲ ಕೇಳಿದರು. ಬೆಂಬಲಿಗರಲ್ಲಿ ಹಿರಿಯನೊಬ್ಬ, “ತಲೈವರೇ, ಹರಸಿದ್ದು ಓಟಲ್ಲ. ನೀವೇ ನೂರು ಸಲ ಹೇಳಿದ್ದೀರಿ. ಹೊರಡಿ, ಹೊತ್ತಾಗುತ್ತೆ” ಎಂದ.

ಇವರು ನನ್ನ ಕಡೆ ತಿರುಗಿದರು. “ಅವ ಮೊದಲು ಓಟು ಕೇಳಿದನಾ?”

“ಕೇಳಿದ.”

“ನೀ ಹಾಕುವುದಿಲ್ಲೆ ಎಂದೆಯಾ?”

“ಇಲ್ಲೆ.”

“ಕೇಳಿದ ಮೇಲೆ ಕೈ ಇಟ್ಟೆ?”

“ಇಟ್ಟೆ” ಎಂದೆ.

ಇವರು ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ನಗತೊಡಗಿದರು. “ಮುಗಿತು ಬಿಡ್ರಪ್ಪ. ಎನ್ನ ಮನೆಯ ಓಟೇ ಹೋತು. ಸ್ವಂತ ಮನೆಯ ಓಟಿಲ್ಲದವ ತೊಗುದಿಯ ಓಟು ಹೇಗೆ ಕೇಳುವುದು?” ಎಂದರು. ತೊಗುದಿ ಎಂದರೆ ತಮಿಳಿನಲ್ಲಿ ಕ್ಷೇತ್ರ. ಬೆಂಬಲಿಗರು ಮತ್ತೂ ವಾದಿಸಿದರು. ಇವರು ಅವರನ್ನೆಲ್ಲ ಕೂರಿಸಿ, ನನ್ನಿಂದ ಟೀ ಮಾಡಿಸಿ ಕುಡಿಸಿ, ಒಬ್ಬೊಬ್ಬರ ಬೆನ್ನು ತಟ್ಟಿ ಕಳಿಸಿದರು. ಹಿರಿಯವನು ಹೋಗುವಾಗ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಟೀ ಮಾತ್ರ ಎರಡು ಲೋಟ ಕುಡಿದಿದ್ದ.

ಕಾರು ಮರೆಯಾದದ್ದೇ ತಡ, ಪಕ್ಕದ ಮನೆಯವಳು ಬಂದು ನನ್ನ ಎದುರು ಕೂತು ಉಳಿದ ಅವರೆಕಾಯಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, ಈ ಕಾಯಲ್ಲಿ ಬರೀ ಹುಳ, ಎಲ್ಲಿ ತಂದೆ ಎಂದು ಗೊಣಗಿದಳು. ಅವಳ ಗೊಣಗಾಟ ಕೇಳಿ ನನಗೆ ಆದ ಸಂತೋಷ ಎರಡು ಸಲ ಇವರು ಗೆದ್ದಾಗಲೂ ಆಗಿರಲಿಲ್ಲ. ಅವಳ ಅಳಿಯ ಆ ಚುನಾವಣೆಯಲ್ಲಿ ಗೆದ್ದ. ಕೈ ಇಟ್ಟ ತಪ್ಪಿಗೆ ನಾನೂ ಅವನಿಗೇ ಓಟು ಹಾಕಿದೆ. ಕಾಫಿಗೆ ಈಗಲೂ ಬರುತ್ತಾನೆ, ಅವನನ್ನು ಹುಡುಕಿಕೊಂಡು ಬರುವ ಜಗುಲಿಯ ಜನ ಈಗ ಅವನ ಅತ್ತೆಯ ಪಾಲು.

ಆ ದಿನ ಸಂಜೆ ಇವರು ಸ್ನಾನ ಮಾಡಿ ಒಗೆದ ಅಂಗಿ ತೊಟ್ಟರು. ನಾನು ಬಾಗಿಲ ಬಳಿ ನಿಂತು, “ಇಲ್ಲಿ ನೋಡಿ, ಬೇಜಾರಾಯಿತಾ?” ಎಂದು ಕೇಳಿದೆ. ಹೆಸರು ಹಿಡಿದು ಕರೆಯದ ನಾನು ಇವರನ್ನು ಕರೆಯುವುದೇ ಹಾಗೆ.

“ಎನಗೆ ನಿಲ್ಲುವ ಮನಸ್ಸಿರಲಿಲ್ಲೆ” ಎಂದರು. “ಯಾರಾದರೂ ಬೇಡ ಎನ್ನಲಿ ಎಂದು ಕಾದಿದ್ದೆ. ಹೊರಗಿನವರು ನಿಲ್ಲು ಎಂದರು. ನೀನೂ ನಿಲ್ಲು ಎಂದೆ. ಮತ್ತೆ ಯಾರಿಗೆ ಹೇಳಲಿ?”

ಅಷ್ಟು ದಿನ ಹಿತ್ತಿಲ ದಾರಿಯಿಂದ ಬಂದು ಸದ್ದಿಲ್ಲದೆ ಉಂಡು ಮಲಗುತ್ತಿದ್ದ ಮನುಷ್ಯ ನಾಚಿಕೆಯಿಂದ ಅಡಗಿದ್ದಾರೆ ಎಂದುಕೊಂಡಿದ್ದೆ. ನನ್ನಿಂದಲೂ ಅಡಗಿದ್ದರು ಎಂದು ಆಗ ತಿಳಿಯಿತು. ಕಣ್ಣು ತುಂಬಿ ಬಂತು. ಇವರಿಗೆ ಅದು ಕಂಡಿತೋ ಏನೋ, ಹೊಸ್ತಿಲಲ್ಲಿ ನಿಂತು ಥಟ್ಟನೆ ನನ್ನ ಮುಂದೆ ತಲೆ ಬಗ್ಗಿಸಿದರು.

“ಎನಗೂ ಒಂದು ಇಡು” ಎಂದರು.

ಹೆಂಡತಿ ಗಂಡನ ತಲೆಯ ಮೇಲೆ ಕೈ ಇಡುವುದು ನಮ್ಮಲ್ಲಿಲ್ಲ. ನಾನು ಇವರಿಗಿಂತ ಚಿಕ್ಕವಳು ಬೇರೆ. ಯಾರಾದರೂ ನೋಡಿಯಾರು, ಏಳಿ ಎಂದು ಗದರಿದೆ. ಏಳಲಿಲ್ಲ. ಎಷ್ಟು ಹಟ್ಟಿಗಳ ಎಷ್ಟು ಕೈಗಳು ಬಿದ್ದಿದ್ದವೋ ಆ ತಲೆಯ ಮೇಲೆ, ನನ್ನದು ಒಮ್ಮೆಯೂ ಬಿದ್ದಿರಲಿಲ್ಲ. ಇಟ್ಟೆ. ಕೂದಲಿನ್ನೂ ಒದ್ದೆಯಾಗಿತ್ತು. ಹರಸುವ ಮಾತು ಒಂದೂ ನೆನಪಿಗೆ ಬರಲಿಲ್ಲ.

“ಬೇಗ ಬನ್ನಿ, ಸಾರು ಆರಿಹೋಗುತ್ತದೆ” ಎಂದೆ.

ಆಯಿತು ಎಂದು ತಲೆ ಎತ್ತಿ, ಮುಂಬಾಗಿಲಿನಿಂದಲೇ ಅಂಗಳಕ್ಕೆ ಇಳಿದು ಹೋದರು.